ಕುರ್ಚಿಯ ಹಿಂದೆ ನಿಂತವರು

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತವಳಿಗೆ ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ಆಗುವುದಿಲ್ಲ. ಎಲ್ಲಿಗೆ, ಎಷ್ಟು ಜನ, ಅಷ್ಟೇ. ಈ ಎರಡು ಪ್ರಶ್ನೆಗೆ ಉತ್ತರ ಕೊಡಲು ಕೆಲವರು ಚಿಕ್ಕಮ್ಮನ ಮಗಳ ಮದುವೆಯಿಂದ ಶುರು ಮಾಡುತ್ತಾರೆ. ಹಿಂದೆ ಸಾಲು ಬೆಳೆಯುತ್ತಿರುತ್ತದೆ, ಬಸ್ಸು ಹಾರನ್ ಹೊಡೆಯುತ್ತಿರುತ್ತದೆ, ಇವರು ಮಾತ್ರ ಕಿಂಡಿಗೆ ಮೂತಿ ಇಟ್ಟುಕೊಂಡು ಪುರಾಣ ಬಿಚ್ಚುತ್ತಾರೆ. ನಾನು ಬೈಯುತ್ತೇನೆ. ಸಿಡುಕಿ ಎಂದು ಹೆಸರು ಬಂದಿದೆ. ಬರಲಿ, ನನ್ನ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡುತ್ತವೆ.

ಇಂಥವಳಿಗೆ ಗಂಟು ಬಿದ್ದದ್ದು ಊರಿಗೇ ಬಾಯಿಬಡುಕ ಗಂಡ. ಇವರದು ಕಟಿಂಗ್ ಶಾಪು. ಎರಡು ತಿರುಗುವ ಕುರ್ಚಿ. ಒಂದು ಇವರದು, ಇನ್ನೊಂದು ಇವರ ತಮ್ಮನದು. ಗಿರಾಕಿಗಳು ಇವರನ್ನು ಕರೆಯುವುದೇ ರೇಡಿಯೋ ಎಂದು. ಬೆಳಿಗ್ಗೆ ಷಟರ್ ಎತ್ತುವಾಗ ಶುರುವಾದ ಮಾತು ಸಂಜೆ ಷಟರ್ ಇಳಿಸಿದ ಮೇಲೂ ಇವರ ಜೊತೆ ನಡೆದುಕೊಂಡು ಮನೆಗೆ ಬರುತ್ತದೆ. ಒಂದು ಕಡೆ ಕತ್ತರಿ ಕಚಕಚ, ಇನ್ನೊಂದು ಕಡೆ ಕಥೆ. ಕಳ್ಳನ ಕಥೆ, ಓಡಿಹೋದ ಮದುಮಗನ ಕಥೆ, ಕೋರ್ಟಿಗೆ ಹೋದ ಕೋಳಿಯ ಕಥೆ. ಕಥೆ ಮುಗಿಯುವುದಕ್ಕೂ ಕುತ್ತಿಗೆಗೆ ಪೌಡರ್ ಬೀಳುವುದಕ್ಕೂ ಸರಿಹೋಗುತ್ತದೆ. ಜನ ಕೂದಲು ಬೆಳೆಯದಿದ್ದರೂ ಬರುತ್ತಾರೆ.

ಇವರಿಗೆ ಕತ್ತರಿ ಹಿಡಿಸಿದವರು ಇವರಪ್ಪ, ನನ್ನ ಮಾವ. ಅವರು ಮೊದಲು ಕಲಿಸಿದ ಪಾಠ ಕೂದಲಿನದ್ದಲ್ಲ. "ಕುರ್ಚಿಯಲ್ಲಿ ಕೂತವನ ಕತ್ತು ನಿನ್ನ ಬ್ಲೇಡಿನ ಕೆಳಗಿರುತ್ತೆ. ನಿನಗೆ ಜ್ವರ ಇದೆ, ನಿದ್ದೆ ಇಲ್ಲ, ಮನೇಲಿ ಜಗಳ ಆಗಿದೆ ಅಂತ ಅವನಿಗೆ ಗೊತ್ತಾಗಬಾರದು. ಹೇಗಿದೀಯಾ ಅಂದ್ರೆ ಚೆನ್ನಾಗಿದೀನಿ ಅನ್ನು. ಅಂದ ಮೇಲೇ ಬ್ಲೇಡ್ ಎತ್ತು," ಎಂದಿದ್ದರಂತೆ. ಕೂತವನು ಮಾತ್ರ ಏನು ಬೇಕಾದರೂ ಹೇಳಿಕೊಳ್ಳಬಹುದು, ಹೇಳಿಕೊಳ್ಳುತ್ತಾನೆ ಕೂಡ. ಅದೇನು ಮಾಯೆಯೋ, ಕುತ್ತಿಗೆಗೆ ಬಟ್ಟೆ ಕಟ್ಟಿ, ಹಿಂದಿನಿಂದ ಒಬ್ಬರು ತಲೆಯ ಮೇಲೆ ಕೈ ಇಟ್ಟರೆ ಎಂಥ ಗಟ್ಟಿ ಗಂಡಸೂ ಬಾಯಿ ಬಿಡುತ್ತಾನೆ. ಕೆಲಸ ಹೋದದ್ದು, ಸೊಸೆಯ ಮುನಿಸು, ಮೂಲವ್ಯಾಧಿ, ಒಂದೂ ಉಳಿಯುವುದಿಲ್ಲ. ಇವರು ಹೂಂ ಹೂಂ ಎನ್ನುತ್ತ ಕೇಳುತ್ತಾರೆ. ಅಂಗಡಿಯ ಹೊಸ್ತಿಲಾಚೆ ಒಂದಕ್ಷರ ತರುವುದಿಲ್ಲ, ನನ್ನ ಹತ್ತಿರ ಕೂಡ. ಅದೊಂದಕ್ಕೆ ನನಗೆ ಹೊಟ್ಟೆಕಿಚ್ಚು.

ಇಂಥ ಮನುಷ್ಯನಿಗೆ ಉಸಿರೇ ಕೈಕೊಟ್ಟಿತು. ಮೊದಲು ಮೆಟ್ಟಿಲು ಹತ್ತುವಾಗ ಮಾತು ನಿಲ್ಲುತ್ತಿತ್ತು. ಇವರ ಮಾತು ನಿಂತರೆ ಗಡಿಯಾರ ನಿಂತ ಹಾಗೆ, ತಟ್ಟನೆ ಗೊತ್ತಾಗುತ್ತದೆ. ಒಬ್ಬ ಡಾಕ್ಟರು ಉಬ್ಬಸ ಎಂದರು. ಇನ್ನೊಬ್ಬರು ರಕ್ತ ಕಡಿಮೆ ಎಂದರು. ಮೂರನೆಯವರು ಕೂದಲಿನ ಧೂಳು ಎಂದು ಮೂಗಿಗೆ ಬಟ್ಟೆ ಕಟ್ಟಿಸಿದರು. ಬಟ್ಟೆ ಕಟ್ಟಿಕೊಂಡೇ ಕಥೆ ಹೇಳಿದ್ದೂ ಆಯಿತು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಕುತ್ತಿಗೆಯ ಹತ್ತಿರದಿಂದ ಹೃದಯಕ್ಕೆ ಸಣ್ಣ ಕೊಳವೆ ಇಳಿಸಿ ನೋಡಿದಾಗಲೇ ಹೆಸರು ಸಿಕ್ಕಿದ್ದು. ಪಲ್ಮನರಿ ಹೈಪರ್‌ಟೆನ್ಷನ್. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳು ಕಿರಿದಾಗಿ, ಅಲ್ಲಿ ಒತ್ತಡ ಏರಿ, ಹೃದಯದ ಬಲಭಾಗ ದಣಿಯುವ ಕಾಯಿಲೆ. ಹಳೇ ಪೈಪಿನಲ್ಲಿ ಪಾಚಿ ಕಟ್ಟಿದರೂ ಮೋಟಾರು ಮೇಲಿನ ಟ್ಯಾಂಕಿಗೆ ನೀರು ತಳ್ಳುತ್ತಲೇ ಇರುತ್ತದಲ್ಲ, ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ವಾಸಿಯಾಗುವುದಿಲ್ಲ, ಹಿಡಿತದಲ್ಲಿ ಇಡಬಹುದು ಎಂದರು.

ನೆಂಟರಿಗೆ ಹೇಳಿದರೆ, "ಬೀಪಿ ತಾನೇ, ಅದು ನಮ್ಮ ಮನೇಲೂ ಎಲ್ಲರಿಗೂ ಇದೆ," ಎಂದುಬಿಟ್ಟರು. ತೋಳಿಗೆ ಪಟ್ಟಿ ಸುತ್ತಿ ನೋಡುವ ಬೀಪಿ ಬೇರೆ, ಇದು ಬೇರೆ ಎಂದು ವಿವರಿಸಿ ನನ್ನ ಬಾಯಿ ಬತ್ತಿತು. ಔಷಧಿ ಅಂಗಡಿಯವನದು ಇನ್ನೊಂದು ಕಥೆ. ಕೊಟ್ಟ ಮಾತ್ರೆ ಗಂಡಸರ ಬೇರೊಂದು ತೊಂದರೆಗೆ ಹೆಸರುವಾಸಿಯಂತೆ. ಚೀಟಿ ನೋಡಿ, ನನ್ನ ಮುಖ ನೋಡಿ, ಮೀಸೆಯಡಿ ನಕ್ಕ. "ಇದು ಶ್ವಾಸಕೋಶಕ್ಕೆ ಕೊಟ್ಟಿರೋದು. ನಗು ಬೇರೆ ಕಟ್ಟಿಕೊಡೋದು ಬೇಡ, ಮಾತ್ರೆ ಮಾತ್ರ ಕೊಡು," ಎಂದೆ. ಇವರು ಅದನ್ನೂ ಅಂಗಡಿಯಲ್ಲಿ ಕಥೆ ಮಾಡಿ ಹೇಳಿ ಎಲ್ಲರನ್ನೂ ನಗಿಸಿದರು.

ಆ ಮಾತ್ರೆಯಿಂದ ಮೊದಮೊದಲು ಹಿಡಿತಕ್ಕೆ ಬಂತು. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕು. ನನಗೆ ರಜೆ ಸಿಗುವುದು ಕಷ್ಟ ಎಂದು ಇವರು ಒಬ್ಬರೇ ಹೋಗಿ, ನಗುನಗುತ್ತ ಬರುತ್ತಿದ್ದರು. "ಡಾಕ್ಟರಮ್ಮ ಖುಷಿಯಾದ್ರು ಕಣೇ. ಅದೇ ಮಾತ್ರೆ ಮುಂದುವರಿಸಿ ಅಂದ್ರು." ಹೇಗಿದೀರಾ ಎಂದರೆ ಚೆನ್ನಾಗಿದೀನಿ. ಕಾಲು ಊದಿದೆಯಲ್ಲ ಎಂದರೆ ನಿಂತು ನಿಂತು ಹಾಗಾಗಿದೆ, ಚೆನ್ನಾಗಿದೀನಿ. ಮನೆಯಲ್ಲಿ ನನಗೆ ಸಿಗುತ್ತಿದ್ದದ್ದೂ ಗಿರಾಕಿಗೆ ಕೊಡುವ ಉತ್ತರವೇ. ಇವರು ಎಲ್ಲಿಗೆ ಹೊರಟಿದ್ದಾರೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಚೆನ್ನಾಗಿದೀನಿ ಎನ್ನುತ್ತಲೇ ಇವರು ನನ್ನ ಕೈಬಿಟ್ಟು ಹೋಗಿಬಿಡುತ್ತಾರೆ ಎಂಬ ಭಯ ಎದೆಯಲ್ಲಿ ಕೂತಿತ್ತು. ಇವರು ಕೂತಲ್ಲಿ ಕಾಲು ನೋಡುವುದು, ಮಾತಾಡುವಾಗ ತುಟಿಯ ಬಣ್ಣ ನೋಡುವುದು, ಇದೇ ನನ್ನ ಕೆಲಸವಾಗಿಬಿಟ್ಟಿತು.

ಗುಟ್ಟು ರಟ್ಟಾದದ್ದು ನನ್ನ ಕೌಂಟರಿನಲ್ಲೇ. ಇವರ ಹಳೇ ಗಿರಾಕಿ ಮೇಷ್ಟ್ರು, ಶಾಲೆಯಿಂದ ನಿವೃತ್ತರಾದವರು, ಮಗಳ ಊರಿಗೆ ಟಿಕೆಟ್ ಕೊಳ್ಳಲು ಬಂದರು. ಎಲ್ಲಿಗೆ ಎಂದು ಹೇಳುವ ಮೊದಲೇ ಶುರು ಮಾಡಿದರು.

"ಏನಮ್ಮಾ, ನಿಮ್ಮವರು ಇತ್ತೀಚೆಗೆ ಭಾರಿ ಜಾಣರಾಗಿದಾರೆ. ಕಥೇನ ಅರ್ಧಕ್ಕೇ ನಿಲ್ಲಿಸಿಬಿಡ್ತಾರೆ. ಮದುಮಗ ಬಾವಿ ಹತ್ರ ಬಂದ ಅಂದವರು, ಉಳಿದಿದ್ದು ಮುಂದಿನ ಸಲ ಅಂತಾರೆ. ನಾನು ಅದಕ್ಕೇ ತಿಂಗಳಿಗೆ ಎರಡು ಸಲ ಹೋಗ್ತಿದೀನಿ, ತಲೆ ಮೇಲೆ ಕೂದಲಿಲ್ಲದಿದ್ರೂ."

"ಮೇಷ್ಟ್ರೇ, ಹಿಂದೆ ಜನ ಇದಾರೆ. ಎಲ್ಲಿಗೆ?"

"ಹೇಳ್ತೀನಿ ಇರಮ್ಮಾ. ಆಮೇಲೆ ಭುಜ ಬೇರೆ ಒತ್ತಿ ಕೊಡ್ತಾರೆ. ಮಧ್ಯೆ ಮಧ್ಯೆ ಕತ್ತರಿ ಕೆಳಗಿಟ್ಟು, ಎರಡೂ ಕೈ ನನ್ನ ಭುಜದ ಮೇಲೆ ಊರಿ, ಸುಮ್ಮನೆ ನಿಂತ್ಕೊಳ್ತಾರೆ. ಎಂಥಾ ಹಿತ ಅಂತೀರಿ. ಮೊದಲು ಇದೆಲ್ಲ ಇರಲಿಲ್ಲ. ಎಲ್ಲರಿಗೂ ಮಾಡ್ತಾರಂತೆ."

ಮೇಷ್ಟ್ರಿಗೆ ಯಾವ ಊರಿಗೆ ಟಿಕೆಟ್ ಹರಿದೆನೋ ತಿಳಿಯದು; ಅವರೇ ಕಿಂಡಿಯಲ್ಲಿ ವಾಪಸ್ ತಳ್ಳಿ ಸರಿಮಾಡಿಸಿಕೊಂಡರು. ಪಕ್ಕದ ಕೌಂಟರಿನವಳಿಗೆ ಸಾಲನ್ನು ಒಪ್ಪಿಸಿ, ಕಿಂಡಿ ಮುಚ್ಚಿ, ನಾನು ನೇರ ಅಂಗಡಿಯ ಬೀದಿಗೆ ನಡೆದೆ.

ಒಳಗೆ ಹೋಗಲಿಲ್ಲ. ಎದುರಿನ ಚಪ್ಪಲಿ ಅಂಗಡಿಯ ನೆರಳಿನಲ್ಲಿ ನಿಂತು ಗಾಜಿನ ಬಾಗಿಲಿನಿಂದ ನೋಡಿದೆ. ಕುರ್ಚಿಯಲ್ಲಿ ಒಬ್ಬ ಯುವಕ ಕೂತಿದ್ದ. ಇವರು ಕುರ್ಚಿಯ ಸುತ್ತ ಓಡಾಡುತ್ತಿರಲಿಲ್ಲ. ಒಂದೇ ಕಡೆ ನಿಂತು ಕುರ್ಚಿಯನ್ನೇ ತಿರುಗಿಸಿಕೊಳ್ಳುತ್ತಿದ್ದರು. ನೆತ್ತಿಯ ಕೂದಲಿಗೆ ಕೈ ಎತ್ತಿದರು, ಎರಡು ಸಲ ಕತ್ತರಿ ಆಡಿಸಿದರು, ಕೈ ಇಳಿಸಿದರು. ಏನೋ ಹೇಳಿದರು, ಯುವಕ ನಕ್ಕ. ಮತ್ತೆ ಕೈ ಎತ್ತಿದರು. ಆಮೇಲೆ ಕತ್ತರಿಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟು, ಎರಡೂ ಕೈಯನ್ನು ಅವನ ಭುಜಕ್ಕೆ ಊರಿ, ತಲೆ ತಗ್ಗಿಸಿ ನಿಂತರು. ಯುವಕ ಸುಖವಾಗಿ ಕಣ್ಣು ಮುಚ್ಚಿದ. ಇವರ ಬೆನ್ನು ಮಾತ್ರ ಏರುತ್ತಿತ್ತು, ಇಳಿಯುತ್ತಿತ್ತು. ನನಗೆ ಬೀದಿಯಲ್ಲೇ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ನನ್ನನ್ನು ಕಂಡು ಮೈದುನ ಹೊರಗೆ ಬಂದ. ಅಣ್ಣನಷ್ಟು ಮಾತಿಲ್ಲದ ಹುಡುಗ, ಈಗ ಅವನಿಗೂ ನಲವತ್ತಾಗುತ್ತ ಬಂತು.

"ಎಷ್ಟು ದಿನದಿಂದ ನಡೀತಿದೆ ಇದು?" ಎಂದೆ.

"ಅತ್ತಿಗೆ, ನಿಮಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದಾನೆ. ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಪೂರ್ತಿ ಒಳಗಡೆ ಬೆಂಚಿನ ಮೇಲೆ ಮಲಗಿರ್ತಾನೆ. ಅಲ್ಲಿ ಎಷ್ಟು ದೂರ ನಡೀತಾನೆ ಅಂತ ಆರು ನಿಮಿಷ ನಡೆಸಿ ನೋಡ್ತಾರಲ್ಲ, ಅದರಲ್ಲಿ ಪಾಸಾಗಬೇಕಂತೆ."

"ಪಾಸಾದ್ರೆ ಏನು ಮೆಡಲ್ ಕೊಡ್ತಾರಾ?"

ಮೈದುನ ಕಾಲಿನ ಹೆಬ್ಬೆರಳು ನೋಡುತ್ತ ನಿಂತ. ಅವನನ್ನು ಬೈದು ಏನು ಸುಖ.

ಸಂಜೆ ಇವರು ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಂತೆ, "ಭುಜ ಒತ್ತೋದು ಎಲ್ಲಿ ಕಲಿತ್ರಿ?" ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಇವರ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು.

"ಗಿರಾಕಿಗಳಿಗೆ ಇಷ್ಟ ಆಗುತ್ತೆ ಕಣೇ."

"ತಿಪ್ಪೆ ಸಾರಿಸಬೇಡಿ. ನಾನು ನಿಂತು ನೋಡಿದೀನಿ. ನಾಡಿದ್ದು ಆಸ್ಪತ್ರೆ ಇದೆ. ನಾನೂ ಬರ್ತೀನಿ. ಎಲ್ಲಾ ಹೇಳಬೇಕು."

ಇವರು ಕೂತರು. ಆಮೇಲೆ ತಣ್ಣಗೆ ಹೇಳಿದರು: "ಹೇಳಿದ್ರೆ ಅಂಗಡಿ ಬಿಡಿ ಅಂತಾರೆ. ಮನೇಲಿ ಕೂತು ಉಸಿರು ಎಣಿಸ್ಕೊಂಡಿರಿ ಅಂತಾರೆ. ಅಂಗಡಿ ಬಿಟ್ಟ ಮೇಲೆ ನಾನು ಅಂತ ಏನುಳಿಯುತ್ತೆ ಹೇಳು. ಒಂದು ಕಾಯಿಲೆ, ಅದರ ಸುತ್ತ ಒಂದು ಅಂಗಿ."

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತು ಬಲ್ಲವನನ್ನು ಕಟ್ಟಿಕೊಂಡವಳಿಗೆ ಜಗಳವಾಡಲೂ ಆಗುವುದಿಲ್ಲ. "ನೀವು ಬಾಯಿ ಬಿಡದಿದ್ರೆ ಅಂಗಡಿ ಇರುತ್ತೆ, ನೀವೇ ಇರಲ್ಲ," ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದೆ. ಪಾತ್ರೆಗಳು ಆ ದಿನ ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು.

ಆಸ್ಪತ್ರೆಯಲ್ಲಿ ನಾನು ಒಳಗೆ ಹೋದದ್ದು ಅದೇ ಮೊದಲು. ಸಣ್ಣ ಕೋಣೆ. ಒಂದು ಮೇಜು, ಮೇಜಿನ ಹಿಂದೆ ಡಾಕ್ಟರಮ್ಮ, ಇಪ್ಪತ್ತು ವರ್ಷದ ಅನುಭವ ಇದ್ದ ಗಂಭೀರ ಹೆಂಗಸು. ಅವರು ಕೂತಿದ್ದದ್ದನ್ನು ನೋಡಿ ನನಗೆ ಎಲ್ಲವೂ ಅರ್ಥವಾಯಿತು. ಅವರು ಕೂತದ್ದು ತಿರುಗುವ ಕುರ್ಚಿಯಲ್ಲಿ. ಇವರು ಕೂರಬೇಕಾದ ಸ್ಟೂಲಿನಲ್ಲಿ ಕೂರದೆ, ಮೇಜಿನ ಪಕ್ಕ ಬಂದು, ಸ್ವಲ್ಪ ಬಗ್ಗಿ, ಕೈಯನ್ನು ಕುರ್ಚಿಯ ಬೆನ್ನಿನ ಹತ್ತಿರ ತಂದುಕೊಂಡು ನಿಂತೇಬಿಟ್ಟರು. ಅಭ್ಯಾಸ ಬಲ.

"ನಮಸ್ಕಾರ ಮೇಡಂ. ಮಗಳ ಪರೀಕ್ಷೆ ಹೇಗಾಯ್ತು?"

"ಅಯ್ಯೋ, ಏನು ಹೇಳ್ತೀರಿ, ಗಣಿತದಲ್ಲಿ ಮತ್ತೆ ಕೈಕೊಟ್ಲು," ಎಂದರು ಡಾಕ್ಟರಮ್ಮ. ಗಂಭೀರ ಮುಖ ಸಡಿಲವಾಯಿತು. ಮಗಳ ಗಣಿತ ಆಯಿತು, ತಮ್ಮ ಬೆನ್ನುನೋವಾಯಿತು, ಮನೆಯ ಕೆಳಗಿನವರ ನಾಯಿ ಬೊಗಳುವುದಾಯಿತು. ಇವರು ಹೂಂ ಹೂಂ ಎಂದರು, ನಾಯಿಯ ಬಗ್ಗೆ ಒಂದು ತಮಾಷೆ ಹೇಳಿದರು, ಡಾಕ್ಟರಮ್ಮ ನಕ್ಕರು. ನಾನು ಗೋಡೆಯ ಹತ್ತಿರ ಬಾಯಿ ತೆರೆದುಕೊಂಡು ನಿಂತಿದ್ದೆ. ಇವರು ಡಾಕ್ಟರಿಗೆ ತೋರಿಸಿಕೊಳ್ಳಲು ಬರುತ್ತಿದ್ದಾರೆಂದು ನಾನು ತಿಳಿದಿದ್ದರೆ, ಡಾಕ್ಟರೇ ಇವರಿಗೆ ತೋರಿಸಿಕೊಳ್ಳುತ್ತಿದ್ದರು.

"ಸರಿ, ನೀವು ಹೇಗಿದೀರಾ?" ಎಂದರು ಡಾಕ್ಟರಮ್ಮ ಕೊನೆಗೆ.

"ಚೆನ್ನಾಗಿದೀನಿ ಮೇಡಂ."

"ಸ್ಕ್ಯಾನ್ ಸ್ವಲ್ಪ ಬೇರೆ ಹೇಳ್ತಿದೆಯಲ್ಲ. ಕೆಲಸ ಮಾಡುವಾಗ ದಮ್ಮು, ತಲೆಸುತ್ತು ಏನಾದ್ರೂ?"

"ಏನಿಲ್ಲ ಮೇಡಂ. ನಿಮ್ಮ ದಯೆ."

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ಅದೇ ಮಾತ್ರೆ ಬರೆಯುತ್ತಾರೆ ಎಂದು ಗೊತ್ತಾಯಿತು. ಇನ್ನು ಮೂರು ತಿಂಗಳು ಇವರು ಗಿರಾಕಿಗಳ ಭುಜ ಹಿಡಿದು ನಿಲ್ಲುತ್ತಾರೆ ಎಂದು ಗೊತ್ತಾಯಿತು. ನನಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನೀವು ಆ ಕುರ್ಚಿಯಿಂದ ಏಳಿ."

ಡಾಕ್ಟರಮ್ಮ ಪೆನ್ನು ಹಿಡಿದೇ ನನ್ನನ್ನು ನೋಡಿದರು. ಇವರು, "ಏಯ್, ಏನೇ ಇದು," ಎಂದರು.

"ಇವರು ಕ್ಷೌರ ಮಾಡೋರು. ತಿರುಗೋ ಕುರ್ಚಿಯಲ್ಲಿ ಯಾರಾದ್ರೂ ಕೂತಿದ್ರೆ, ತಾನು ಪಕ್ಕದಲ್ಲಿ ನಿಂತಿದ್ರೆ, ಇವರ ಬಾಯಲ್ಲಿ ನಿಜ ಬರಲ್ಲ. ಅವರಪ್ಪ ಹಾಗೆ ಕಲಿಸಿದಾರೆ. ನೀವು ಇವರಿಗೆ ಗಿರಾಕಿ ಥರ ಕಾಣ್ತಿದೀರ. ಇವರನ್ನ ಆ ಕುರ್ಚಿ ಮೇಲೆ ಕೂರಿಸಿ, ನೀವು ಹಿಂದೆ ನಿಂತ್ಕೊಳ್ಳಿ. ಆಮೇಲೆ ಕೇಳಿ. ನಿಮ್ಮ ದಮ್ಮಯ್ಯ."

ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಹೊರಗೆ ಕಳಿಸುತ್ತಿದ್ದರು. ಡಾಕ್ಟರಮ್ಮ ಮೊದಲು ನಗಲು ಹೋದರು. ನಗು ಅರ್ಧದಲ್ಲೇ ನಿಂತಿತು. ಮಗಳ ಗಣಿತ, ಬೆನ್ನುನೋವು, ನಾಯಿ ಎಲ್ಲ ನೆನಪಾಯಿತೆಂದು ಕಾಣುತ್ತದೆ, ಕೆನ್ನೆ ಸ್ವಲ್ಪ ಕೆಂಪಾಯಿತು. ಎದ್ದರು. "ಬನ್ನಿ, ಕೂತ್ಕೊಳ್ಳಿ," ಎಂದರು.

"ಅದು ನಿಮ್ಮ ಕುರ್ಚಿ ಮೇಡಂ."

"ಈಗ ನಿಮ್ಮದು. ಕೂತ್ಕೊಳ್ಳಿ ಅಂದೆ."

ಇವರು ಅಂಚಿನಲ್ಲಿ ಕೂತರು, ಹೊಸ ಗಿರಾಕಿ ಕೂತ ಹಾಗೆ. ಡಾಕ್ಟರಮ್ಮ ಹಿಂದೆ ಹೋಗಿ ಅಂಗಿ ಸರಿಸಿ ಸ್ಟೆತಾಸ್ಕೋಪನ್ನು ಬೆನ್ನಿಗಿಟ್ಟರು. ಇನ್ನೊಂದು ಕೈಯನ್ನು ಇವರ ಭುಜದ ಮೇಲೆ ಇಟ್ಟರು. ಉಸಿರು ಎಳೆದುಕೊಳ್ಳಿ, ಬಿಡಿ ಎಂದರು. ಮತ್ತೆ ಎಳೆದುಕೊಳ್ಳಿ ಎಂದರು. ಕೇಳಿ ಮುಗಿದ ಮೇಲೂ ಕೈ ತೆಗೆಯಲಿಲ್ಲ, ಏನೂ ಕೇಳಲೂ ಇಲ್ಲ. ಇವರು ನಿಧಾನವಾಗಿ ಹಿಂದಕ್ಕೆ ಒರಗಿದರು. ಇವರು ಹಾಗೆ ಒರಗಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ.

"ಕೈ ಮೇಲೆತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ ಮೇಡಂ," ಎಂದರು ಇವರು, ಎದುರಿನ ಗೋಡೆ ನೋಡುತ್ತ.

"ಹೂಂ."

"ಮಾತಾಡಿದ್ರೆ ಕೈ ಆಡಲ್ಲ. ಕೈ ಆಡಿಸಿದ್ರೆ ಮಾತು ಬರಲ್ಲ. ಎರಡಕ್ಕೂ ಸಾಕಾಗೋಷ್ಟು ಉಸಿರಿಲ್ಲ. ಅದಕ್ಕೆ ಕಥೆ ಅರ್ಧಕ್ಕೇ ನಿಲ್ಲಿಸ್ತೀನಿ. ಜನ ಅದನ್ನ ಜಾಣತನ ಅಂದ್ಕೊಂಡಿದಾರೆ."

"ಹೂಂ."

"ಒಂದು ಸಲ ಕೈಯಲ್ಲಿ ಬ್ಲೇಡ್ ಇತ್ತು." ಇವರ ದನಿ ಇಳಿಯಿತು. "ಗಡ್ಡ ಮಾಡ್ತಿದ್ದೆ. ಗಂಟಲ ಹತ್ರ ಬಂದಿದ್ದೆ. ಒಂದು ಕ್ಷಣ ಎಲ್ಲಾ ಕಪ್ಪಾಯ್ತು. ಬಿಟ್ಟ ಕಣ್ಣು ಬಿಟ್ಟ ಹಾಗೇ ಇತ್ತು, ಏನೂ ಕಾಣಲಿಲ್ಲ. ಕೈ ಅದಾಗಿಯೇ ಹಿಂದಕ್ಕೆ ಬಂತು, ಅವನಿಗೆ ಒಂದು ಗೀರೂ ಆಗಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ತನ್ನ ಮಗುವಿನ ಬಗ್ಗೆ ಹೇಳ್ತಾ ಇದ್ದ. ಅವತ್ತಿಂದ ನಾನು ಬ್ಲೇಡ್ ಮುಟ್ಟಿಲ್ಲ. ತಮ್ಮನ ಕೈ ಮೆತ್ತಗಿದೆ, ಅವನ ಹತ್ರ ಹೋಗಿ ಅಂತ ಎಲ್ಲರನ್ನೂ ಕಳಿಸ್ತೀನಿ."

ಇದು ನನಗೂ ಗೊತ್ತಿರಲಿಲ್ಲ. ಮೈದುನನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಇವರು ಅಳುತ್ತಿದ್ದರು, ಸದ್ದಿಲ್ಲದೆ. ಗಿರಾಕಿಗಳೂ ಹೀಗೇ ಅಳುತ್ತಾರೆಂದು ಮೈದುನ ಹೇಳಿದ್ದ. ಇವರು ಅವರ ಕುತ್ತಿಗೆಯ ಬಟ್ಟೆ ಸರಿಮಾಡುವ ನೆವದಲ್ಲಿ ಬೇರೆ ಕಡೆ ನೋಡುತ್ತಾರಂತೆ. ಡಾಕ್ಟರಮ್ಮನೂ ಕಿಟಕಿಯ ಕಡೆ ನೋಡಿದರು.

"ಇಷ್ಟು ದಿನ ನೀವು ನನಗೆ ಚೆನ್ನಾಗಿ ನುಣ್ಣಗೆ ಕ್ಷೌರ ಮಾಡಿದ್ರಿ," ಎಂದರು ಆಮೇಲೆ. ಬೈಗುಳದ ಹಾಗೂ ಇತ್ತು, ಹೊಗಳಿಕೆಯ ಹಾಗೂ ಇತ್ತು. "ರಿಪೋರ್ಟ್ ಒಂದು ಹೇಳ್ತಿತ್ತು, ನಿಮ್ಮ ಬಾಯಿ ಇನ್ನೊಂದು ಹೇಳ್ತಿತ್ತು. ನಾನು ನಿಮ್ಮ ಬಾಯಿ ನಂಬಿದೆ. ಹೋಗಲಿ. ಕಾಯಿಲೆ ಪೂರ್ತಿ ತೆಗೆದುಹಾಕಿ ಅಂದ್ರೆ ನನ್ನ ಕೈಲಾಗಲ್ಲ. ಅದು ಬಿಟ್ಟು ನಿಮಗೆ ಏನು ಬೇಕು, ಹೇಳಿ."

"ಅಂಗಡಿ ಬಿಡಿಸಬೇಡಿ."

"ಅಂಗಡಿ ಬಿಡಿ ಅಂತ ಯಾರು ಹೇಳಿದ್ರು? ಔಷಧಿ ಕೊಡೋದು ನೀವು ನಡೆದು ತೋರಿಸಲಿ ಅಂತಲ್ಲ, ನಿಮ್ಮ ಕೆಲಸ ನೀವು ಮಾಡ್ಕೊಂಡಿರಲಿ ಅಂತ. ಕೈ ಎತ್ತಿದ್ರೆ ಕಣ್ಣು ಕತ್ತಲೆ ಬರುತ್ತೆ ಅಂತ ಮೊದಲೇ ಹೇಳಿದ್ರೆ ಇನ್ನೊಂದು ಮಾತ್ರೆ ಆಗಲೇ ಸೇರಿಸ್ತಿದ್ದೆ. ಇನ್ನೂ ದಾರಿ ಇದೆ. ಇದು ಸಾಲದಿದ್ರೆ ಮೈಗೆ ಔಷಧಿ ಹರಿಸೋ ಸಣ್ಣ ಪಂಪ್ ಇದೆ, ಸೊಂಟಕ್ಕೆ ಕಟ್ಕೊಂಡು ಓಡಾಡಬಹುದು. ಆದ್ರೆ ದಾರಿ ತೋರಿಸಬೇಕಾದ್ರೆ ನೀವು ಎಲ್ಲಿದೀರಿ ಅಂತ ನನಗೆ ಗೊತ್ತಾಗಬೇಕು."

ನನ್ನ ಕೌಂಟರಿನ ಪ್ರಶ್ನೆಯೇ: ಎಲ್ಲಿಗೆ, ಎಷ್ಟು ಜನ. ನನಗೆ ಆ ಡಾಕ್ಟರಮ್ಮನ ಮೇಲೆ ಪ್ರೀತಿ ಉಕ್ಕಿತು.

ಅವತ್ತೇ ವಾರ್ಡಿಗೆ ಸೇರಿಸಿಕೊಂಡರು. ಮೈಯಲ್ಲಿ ತುಂಬಿದ್ದ ನೀರು ಇಳಿಸಿದರು, ಎರಡನೆಯ ಮಾತ್ರೆ ಶುರು ಮಾಡಿದರು, ಉಪ್ಪು ಬಿಡಿಸಿದರು. ಕೆಲವು ದಿನಗಳಲ್ಲಿ ಮನೆಗೆ ಬಂದೆವು. ಎಲ್ಲ ಒಂದೇ ಸಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಹೊಸ ಮಾತ್ರೆಗೆ ತಲೆ ಸಿಡಿಯುತ್ತಿತ್ತು, ಮುಖ ಕೆಂಪೇರುತ್ತಿತ್ತು, ಉಪ್ಪಿಲ್ಲದ ಊಟಕ್ಕೆ ಇವರು ನನ್ನನ್ನು ನೋಡುತ್ತಿದ್ದ ರೀತಿ ನಾನೇ ಕಾಯಿಲೆ ತಂದವಳು ಎಂಬ ಹಾಗಿತ್ತು. ವಾರಗಳು ಕಳೆದವು. ಒಂದು ಬೆಳಿಗ್ಗೆ ಇವರು ಸ್ನಾನ ಮಾಡಿ ಬಂದು, ತಲೆ ಒರೆಸಿಕೊಳ್ಳುತ್ತಲೇ ಪಕ್ಕದ ಮನೆಯವರ ಬಗ್ಗೆ ಏನೋ ಹೇಳತೊಡಗಿದರು. ಎರಡು ಕೈಯೂ ತಲೆಯ ಮೇಲಿದ್ದವು, ಮಾತು ನಿಂತಿರಲಿಲ್ಲ. ಏನು ಹೇಳಿದರೋ ನನಗೆ ಗೊತ್ತಿಲ್ಲ. ನಾನು ಆ ಕೈಗಳನ್ನೇ ನೋಡುತ್ತ ನಿಂತಿದ್ದೆ.

ಅಂಗಡಿಗೆ ಚಕ್ರದ ಸ್ಟೂಲು ಬಂತು. ಗಿರಾಕಿಯ ಕುರ್ಚಿಯನ್ನು ಪೆಡಲ್ ಒತ್ತಿ ಕೆಳಗಿಳಿಸಿ, ತಾವು ಸ್ಟೂಲಿನಲ್ಲಿ ಕೂತು, ಕಾಲಿನಿಂದ ತಳ್ಳಿಕೊಂಡು ಸುತ್ತ ಸುತ್ತುತ್ತಾರೆ. ಗಡ್ಡವೆಲ್ಲ ಮೈದುನನದು. ಮಧ್ಯಾಹ್ನ ಒಳಗಡೆ ಬೆಂಚಿನ ಮೇಲೆ ಒಂದಿಷ್ಟು ಮಲಗುತ್ತಾರೆ, ಈಗ ಬಾಗಿಲು ಮುಚ್ಚಿಕೊಂಡಲ್ಲ, ತೆರೆದೇ. ಮೊದಲ ದಿನ ಸ್ಟೂಲು ಕಂಡ ಗಿರಾಕಿಗಳು ಕಾಣದವರಂತೆ ನಟಿಸಿದರಂತೆ. ಇವರೇ ಬಾಯಿ ಬಿಟ್ಟು ಹೇಳಿದರು: ನನಗೆ ಹೀಗೆ ಹೀಗೆ ಕಾಯಿಲೆ, ನಿಂತು ಮಾಡಕ್ಕಾಗಲ್ಲ. ಒಬ್ಬರೋ ಇಬ್ಬರೋ ಬೇರೆ ಅಂಗಡಿಗೆ ಹೋದರು. ಉಳಿದವರು ಬಂದರು. ಇವರು ತಮ್ಮದು ಹೇಳಿದ್ದೇ ತಡ, ಅವರು ಇನ್ನೂ ಬಚ್ಚಿಟ್ಟುಕೊಂಡಿದ್ದನ್ನೆಲ್ಲ ಹೊರಗೆ ತೆಗೆದರಂತೆ. ಮೇಷ್ಟ್ರು ಮಾತ್ರ ಭುಜ ಒತ್ತುವುದು ನಿಂತುಹೋಯಿತಲ್ಲ ಎಂದು ಇವತ್ತಿಗೂ ಗೊಣಗುತ್ತಾರೆ.

ಇಷ್ಟಾದರೂ ನನ್ನ ಕಣ್ಣು ಇವರ ಕಾಲಿನ ಮೇಲೆ, ತುಟಿಯ ಮೇಲೆ ಓಡುವುದು ನಿಂತಿರಲಿಲ್ಲ. ಡಾಕ್ಟರ ಹತ್ತಿರ ಬಾಯಿ ಬಿಟ್ಟರು, ಸರಿ. ಅಲ್ಲಿ ಕುರ್ಚಿ ಇತ್ತು, ನಾನಿದ್ದೆ. ನಾನಿಲ್ಲದ ಕಡೆ, ನಿಂತು ದುಡಿಯುವ ಜಾಗದಲ್ಲಿ, ಇವರು ಮತ್ತೆ ಹಳೇ ದಾರಿ ಹಿಡಿಯುವುದಿಲ್ಲ ಎಂದು ಯಾವ ಧೈರ್ಯದ ಮೇಲೆ ನಂಬಲಿ? ಚೆನ್ನಾಗಿದೀನಿ ಎಂದು ಇವರು ಅಂದಾಗಲೆಲ್ಲ ನಾನು ಬಗ್ಗಿ ಇವರ ಕಾಲು ಒತ್ತಿ ನೋಡುತ್ತಿದ್ದೆ.

ಮೊನ್ನೆ ಸಂಜೆ ಕೌಂಟರ್ ಮುಚ್ಚಿ ಮನೆಗೆ ಬಂದಾಗ ಇವರು ನನಗಿಂತ ಮೊದಲೇ ಬಂದು, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು.

"ಹೇಗಿದೀರಾ?" ಎಂದೆ, ಬ್ಯಾಗು ಇಳಿಸುತ್ತ.

"ಇವತ್ತು ಅಷ್ಟಕ್ಕಷ್ಟೆ ಕಣೇ. ಬೆಳಿಗ್ಗೆಯಿಂದ ಮೈ ಭಾರ. ಒಬ್ಬನಿಗೆ ಅರ್ಧ ತಲೆ ಕತ್ತರಿಸಿದ್ದೆ. ನನಗಾಗ್ತಿಲ್ಲ ಅಂತ ಅವನಿಗೇ ಹೇಳಿ, ಉಳಿದರ್ಧಕ್ಕೆ ತಮ್ಮನ ಕುರ್ಚಿಗೆ ಕಳಿಸಿದೆ. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ. ನೀರು ಇಳಿಸೋ ಮಾತ್ರೆ ಒಂದು ಹೆಚ್ಚು ತಗೊಂಡು ನಾಳೆ ಬನ್ನಿ ಅಂದಿದಾರೆ. ನೀನು ಬರ್ತೀಯಾ, ನಾನೇ ಹೋಗಲಾ?"

ನಾನು ಅಲ್ಲೇ, ಚಪ್ಪಲಿಯನ್ನೂ ಬಿಡದೆ, ಇವರ ಪಕ್ಕ ಕೂತುಬಿಟ್ಟೆ. ಅಳು ಎಲ್ಲಿತ್ತೋ, ಒಟ್ಟಿಗೆ ಬಂತು. ಇವರು ಗಾಬರಿಯಾದರು. "ಏನೂ ಆಗಿಲ್ವೇ, ಸ್ವಲ್ಪ ಸುಸ್ತು ಅಷ್ಟೇ, ಅದಕ್ಕ್ಯಾಕೆ ಅಳ್ತೀಯಾ?" ಎಂದು ನನ್ನ ಬೆನ್ನು ಸವರಿದರು.

"ಸುಸ್ತು ಅಂತ ಅಂದ್ರಲ್ಲ, ಅದಕ್ಕೇ," ಎಂದೆ. "ಇನ್ನು ಮೇಲೆ ನೀವು ಚೆನ್ನಾಗಿದೀನಿ ಅಂದ್ರೆ ನಾನು ನಂಬಬಹುದು."

ಇವರು ನನಗೆ ಒರಗಿ ಕೂರಲು ಜಾಗ ಬಿಟ್ಟು ಸ್ವಲ್ಪ ಸರಿದರು.